ಮುಚ್ಚಳದ ಕೆಳಗಿನ ಒಂದು ಗಂಟೆ

ಒಂದೇ ಚಮಚ, ಎರಡು ರುಚಿ. ಬೆಳಿಗ್ಗೆ ಒಂಬತ್ತಕ್ಕೆ ಡಬ್ಬದೊಳಗಿನ ಗಂಜಿಯನ್ನು ನಾಲಿಗೆಗೆ ಇಟ್ಟಾಗ ಸಪ್ಪೆ. ಹಸಿಹಿಟ್ಟಿನ ರುಚಿ, ಒದ್ದೆ ಗೋಣಿಚೀಲದ ವಾಸನೆ. ಮುಚ್ಚಳ ಹಾಕಿ, ಮೇಲೊಂದು ಹಳೆಯ ಕಂಬಳಿ ಹೊದಿಸಿ ಬಂದೆ. ಹತ್ತಕ್ಕೆ ತೆರೆದರೆ ಅದೇ ಗಂಜಿ ಕಬ್ಬಿನ ಹಾಲಿನ ಹಾಗೆ ಸಿಹಿ. ತೊಟ್ಟಿಕ್ಕಿದ ಹನಿಗೆ ಬೆರಳಿಗೆ ಬೆರಳು ಅಂಟಿಕೊಳ್ಳುತ್ತದೆ. ನಡುವಿನ ಒಂದು ಗಂಟೆಯಲ್ಲಿ ನಾನು ಸಕ್ಕರೆ ಹಾಕಲಿಲ್ಲ, ಬೆಲ್ಲ ಹಾಕಲಿಲ್ಲ, ಒಲೆ ಹಚ್ಚಲಿಲ್ಲ, ಕೈಯಾಡಿಸಲೂ ಇಲ್ಲ. ಗ್ಯಾರೇಜಿನ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಮಳೆ ನೋಡುತ್ತಾ ಕೂತಿದ್ದೆ, ಅಷ್ಟೆ.

ಅಮೆರಿಕದ ಆರೆಗನ್ ರಾಜ್ಯದಲ್ಲಿ, ಪೋರ್ಟ್‌ಲ್ಯಾಂಡ್ ಊರಿನ ಅಂಚಿನಲ್ಲಿ ನಮ್ಮ ಮನೆ. ಅಕ್ಟೋಬರ್ ಬಂದರೆ ಇಲ್ಲಿ ಮಲೆನಾಡಿನ ಜಡಿಮಳೆ. ಹೊರಗೆ ಹೋಗುವಂತಿಲ್ಲದ ಶನಿವಾರಗಳಲ್ಲಿ ಗ್ಯಾರೇಜಿನಲ್ಲಿ ಬಿಯರ್ ತಯಾರಿಸುವುದು ನಾನು ಹಚ್ಚಿಕೊಂಡ ಗೀಳು. ಅಂಗಡಿಯಲ್ಲಿ ಸಿಗುವ ಮಾಲ್ಟ್ ಪಾಕದ ಡಬ್ಬ ತಂದು ನೀರಿಗೆ ಕದಡಿ ಮಾಡುವುದು ಸುಲಭದ ದಾರಿ. ಕಾಳಿನಿಂದಲೇ ಶುರುಮಾಡಿ, ಕಾಳಿನೊಳಗಿನ ಸಿಹಿಯನ್ನು ನಾವೇ ಹೊರಡಿಸುವುದು ಉದ್ದದ ದಾರಿ. ಇದಕ್ಕೆ ಇಲ್ಲಿನವರು ‘ಆಲ್ ಗ್ರೇನ್’ ಎನ್ನುತ್ತಾರೆ. ನಾನು ಉದ್ದದ ದಾರಿ ಹಿಡಿದದ್ದು ಶ್ರಮದ ಮೇಲಿನ ಪ್ರೀತಿಯಿಂದಲ್ಲ, ಆ ಎರಡು ಚಮಚಗಳ ನಡುವೆ ಏನಾಗುತ್ತದೆ ಎಂಬ ಕುತೂಹಲದಿಂದ.

ಗಂಜಿ ಕೂತಿರುವುದು ಪಿಕ್‌ನಿಕ್ಕಿಗೆ ಒಯ್ಯುವ ನೀಲಿ ಐಸ್ ಪೆಟ್ಟಿಗೆಯಲ್ಲಿ. ಯಾರದೋ ಮನೆಯ ಮುಂದೆ ಹಳೆಸಾಮಾನು ಮಾರುವ ದಿನ ಸಿಕ್ಕಿದ್ದು. ಒಂದು ಹಿಡಿ ಮುರಿದಿದೆ. ತಣ್ಣಗಿಡಲು ಮಾಡಿದ ಪೆಟ್ಟಿಗೆ ಬಿಸಿಯನ್ನೂ ಅಷ್ಟೇ ನಿಷ್ಠೆಯಿಂದ ಕಾಯುತ್ತದೆ. ತಳದಲ್ಲಿ ಅರ್ಧ ಇಂಚಿನ ತಾಮ್ರದ ಪೈಪಿನ ಚೌಕ. ಪೈಪಿಗೆ ಬೆರಳಗಲಕ್ಕೊಂದರಂತೆ ಹ್ಯಾಕ್ಸಾದಿಂದ ಕಚ್ಚು ಹಾಕಿದ್ದೇನೆ, ಕಚ್ಚುಗಳ ಬಾಯಿ ಕೆಳಗೆ. ಗಂಜಿಯ ತಿಳಿ ಈ ಕಚ್ಚುಗಳಿಂದ ಒಳಗೆ ಇಳಿದು, ಪೆಟ್ಟಿಗೆಯ ನೀರು ಬಸಿಯುವ ತೂತಿಗೆ ಕೂರಿಸಿದ ನಲ್ಲಿಯಿಂದ ಹೊರಬರುತ್ತದೆ. ಬೆಸುಗೆ ಹಾಕುವುದನ್ನು ಕಲಿಸಿದವರು ಪಕ್ಕದ ಮನೆಯ ಮುದುಕರು, ಪ್ಲಂಬರ್ ಕೆಲಸದಿಂದ ನಿವೃತ್ತರಾದವರು. ಕುಡಿಯುವ ವಸ್ತುವಿಗೆ ಸೀಸವಿಲ್ಲದ ಬೆಸುಗೆಯೇ ಆಗಬೇಕೆಂದು ಎದುರು ನಿಂತು ನೋಡಿಕೊಂಡರು. ಮೊದಲ ಸಲ ನೀರು ತುಂಬಿದಾಗ ಮೂರು ಕಡೆ ಸೋರಿತು. “ನೀರು ನಿನ್ನ ಮಾತು ಕೇಳುವುದಿಲ್ಲ, ಇಳಿಜಾರಿನ ಮಾತು ಕೇಳುತ್ತದೆ” ಎಂದು ನಕ್ಕು, ಇನ್ನೊಮ್ಮೆ ಬೆಸೆಸಿದರು.

ಈ ದೇಶದಲ್ಲಿ ಮನೆಯ ಬಿಯರಿಗೂ ಒಂದು ಕಥೆಯುಂಟು. 1933ರಲ್ಲಿ ಪಾನನಿಷೇಧ ಹೋದಾಗ ಮನೆಯಲ್ಲಿ ವೈನ್ ಮಾಡಿಕೊಳ್ಳಲು ಬಿಟ್ಟರು, ಬಿಯರನ್ನು ಬಿಟ್ಟೇಬಿಟ್ಟರು! ಅದನ್ನು ಸರಿಪಡಿಸಿದ ಮಸೂದೆಗೆ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ್ದು 1978ರ ಅಕ್ಟೋಬರಿನಲ್ಲಿ. ಅದೇ ವರ್ಷ ಕೊಲೊರಾಡೊ ರಾಜ್ಯದ ಬೋಲ್ಡರ್‌ನಲ್ಲಿ ಮನೆಬಿಯರಿನವರ ಸಂಘ ಕಟ್ಟಿದವರಲ್ಲಿ ಚಾರ್ಲಿ ಪಪೇಜಿಯನ್ ಒಬ್ಬರು. ಕಾಲೇಜಿನಲ್ಲಿ ಓದಿದ್ದು ಪರಮಾಣು ಎಂಜಿನಿಯರಿಂಗ್, ಊರಿಗೆ ಕಲಿಸಿದ್ದು ಬಿಯರ್ ಮಾಡುವುದನ್ನು. 1984ರ ಅವರ ಪುಸ್ತಕದಲ್ಲಿ ಗಂಜಿ ಬಸಿಯುವ ಉಪಾಯವೆಂದರೆ ಎರಡು ಪ್ಲಾಸ್ಟಿಕ್ ಬಕೆಟ್: ಒಂದರ ತಳಕ್ಕೆ ನೂರಾರು ತೂತು ಕೊರೆದು ಇನ್ನೊಂದರೊಳಗೆ ಕೂರಿಸುವುದು. ನಮ್ಮ ಇಡ್ಲಿಪಾತ್ರೆಯ ತಟ್ಟೆಯೂ ಇದಕ್ಕಿಂತ ಜಟಿಲವಾದ ಯಂತ್ರ.

ಉಪಕರಣದ ಬಗ್ಗೆ ಇಷ್ಟು ಹೇಳಲು ಕಾರಣವಿದೆ. ದೊಡ್ಡ ಬ್ರೂವರಿಯ ಒಳಗೆ ಹೋದವರು ಥಳಥಳಿಸುವ ಉಕ್ಕಿನ ಗೋಪುರಗಳನ್ನು, ಮಿನುಗುವ ಫಲಕಗಳನ್ನು ನೋಡಿ ಬೆರಗಾಗಿ ಹೊರಬರುತ್ತಾರೆ. ನನ್ನ ಗ್ಯಾರೇಜಿನಲ್ಲಿ ಬೆರಗಿಗೆ ಆ ಅನುಕೂಲವಿಲ್ಲ. ಹಿಡಿ ಮುರಿದ ಐಸ್ ಪೆಟ್ಟಿಗೆಯಲ್ಲಿ ಏನೂ ಮಾಯೆಯಿಲ್ಲವೆಂದು ನನಗೆ ಖಚಿತವಾಗಿ ಗೊತ್ತು. ಪ್ರತಿ ಕಚ್ಚನ್ನೂ ನಾನೇ ಕೊಯ್ದವನು. ಹಾಗಿದ್ದೂ ಸಪ್ಪೆ ಸಿಹಿಯಾದಾಗ, ಬೆರಗು ಹೋಗಿ ನಿಲ್ಲಬೇಕಾದ ಜಾಗ ಒಂದೇ ಉಳಿಯುತ್ತದೆ: ಕಾಳು.

ಬಾರ್ಲಿ ಕಾಳನ್ನು ಉಗುರಿನಿಂದ ಸೀಳಿ ನೋಡಿ. ಒಂದು ತುದಿಯಲ್ಲಿ ಸಾಸಿವೆಗಿಂತ ಚಿಕ್ಕ ಮೊಳೆ, ಉಳಿದುದೆಲ್ಲ ಬಿಳಿ ಹಿಟ್ಟು. ಹಿಟ್ಟು ಮೊಳೆಗೆ ಕಟ್ಟಿಕೊಟ್ಟ ಬುತ್ತಿ. ಆದರೆ ಪಿಷ್ಟವೆಂದರೆ ಸಕ್ಕರೆಯ ಕಣಗಳನ್ನು ಸರಪಣಿ ಹಾಕಿ ಬಿಗಿದಿಟ್ಟದ್ದು. ಬಿಡಿಸದೆ ಮೊಳೆ ಅದನ್ನು ಉಣ್ಣಲಾರದು. ಹಾಗಾಗಿ ನೆನೆದು ಎಚ್ಚರಗೊಂಡ ಕಾಳು ಸರಪಣಿ ಕತ್ತರಿಸುವ ಕಿಣ್ವಗಳನ್ನು ತಾನೇ ಸಿದ್ಧಮಾಡಿಕೊಳ್ಳುತ್ತದೆ. ಮಾಲ್ಟ್ ಮಾಡುವವರು ಕಾಳನ್ನು ನೆನೆಸಿ, ನಾಲ್ಕೈದು ದಿನ ಮೊಳೆಯಲು ಬಿಟ್ಟು, ಎಲ್ಲ ಸಿದ್ಧವಾಯಿತು ಎನ್ನುವ ಹೊತ್ತಿಗೆ ಬಿಸಿಗಾಳಿಯಲ್ಲಿ ಒಣಗಿಸಿಬಿಡುತ್ತಾರೆ. ಊಟಕ್ಕೆ ಎಲೆ ಹಾಕಿದ ಮೇಲೆ ಪಂಕ್ತಿಯಿಂದ ಎಬ್ಬಿಸಿದ ಹಾಗೆ. ಗಿಡವಾಗಬೇಕಿದ್ದುದು ಅಲ್ಲಿಗೆ ನಿಂತಿತು. ಬುತ್ತಿಯೂ ಅದನ್ನು ಬಿಚ್ಚುವ ಕತ್ತರಿಯೂ ಒಣಗಿ ಒಟ್ಟಿಗೆ ಕೂತವು. ಒಡೆದು ಬಿಸಿನೀರಿಗೆ ಹಾಕಿದರೆ, ತಿಂಗಳುಗಳ ನಂತರವೂ ಕತ್ತರಿ ಬಿಟ್ಟ ಕೆಲಸ ಮುಂದುವರಿಸುತ್ತದೆ, ಉಣ್ಣಬೇಕಾದ ಮೊಳೆ ಇಲ್ಲದಿದ್ದರೂ.

1833ರಲ್ಲಿ ಪ್ಯಾರಿಸ್‌ನ ಪಾಯೆನ್ ಮತ್ತು ಪೆರ್ಸೋ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು ಮೊಳೆತ ಬಾರ್ಲಿಯ ರಸದಿಂದ ಈ ಕತ್ತರಿಯನ್ನು ಬೇರ್ಪಡಿಸಿ ‘ಡಯಾಸ್ಟೇಸ್’ ಎಂದು ಹೆಸರಿಟ್ಟರು. ಮನುಷ್ಯರು ಕಂಡುಹಿಡಿದ ಮೊದಲ ಕಿಣ್ವ ಅದು. ನಮ್ಮ ಜೊಲ್ಲಿನಲ್ಲಿ, ಕರುಳಿನಲ್ಲಿ, ಪ್ರತಿ ಜೀವಕೋಶದಲ್ಲಿ ಕೆಲಸ ಮಾಡುವ ಸಾವಿರಾರು ಕಿಣ್ವಗಳ ಅಧ್ಯಯನಕ್ಕೆ ಬಾಗಿಲು ತೆರೆದದ್ದು ಮೊಳಕೆ ಬಾರ್ಲಿ.

ಕತ್ತರಿಗೆ ಒಂದು ಹದವಿದೆ. ಇದನ್ನು ನಾನು ಓದಿ ತಿಳಿದೆ, ಆಮೇಲೆ ಕೆಡಿಸಿ ಕಲಿತೆ. 4.5 ಕಿಲೊ ಕಾಳಿಗೆ 74 ಡಿಗ್ರಿಯ 13 ಲೀಟರ್ ನೀರು ಸುರಿದರೆ ಗಂಜಿ 67 ಡಿಗ್ರಿಗೆ ಬಂದು ನಿಲ್ಲುತ್ತದೆ. ಎರಡು ಬಗೆಯ ಕತ್ತರಿಗಳಲ್ಲಿ ಒಂದು 60ರಿಂದ 65ರವರೆಗೆ ಚುರುಕು, ಇನ್ನೊಂದು 70ರ ಆಸುಪಾಸಿನಲ್ಲಿ. ಇಬ್ಬರೂ ಒಪ್ಪುವ ನಡುದಾರಿ 67. ಮೊದಲ ಸಲ ನನಗೆ ಅವಸರ. ಬಿಸಿ ಹೆಚ್ಚಾದಷ್ಟೂ ಕೆಲಸ ಬೇಗ ಎಂಬ ಒಲೆಮುಂದಿನ ತರ್ಕದಲ್ಲಿ ಕುದಿಯುವ ನೀರನ್ನೇ ಸುರಿದೆ. ಒಂದು ಗಂಟೆಯ ಮೇಲೆ ಬಿಳಿ ತಟ್ಟೆಗೆ ಒಂದು ಚಮಚ ಗಂಜಿ ಹಾಕಿ, ಮೇಲೊಂದು ಹನಿ ಅಯೋಡಿನ್ ಬಿಟ್ಟೆ. ಪಿಷ್ಟ ಉಳಿದಿದ್ದರೆ ಅಯೋಡಿನ್ ಅದನ್ನು ಚಾಡಿ ಹೇಳುತ್ತದೆ. ಕಂದು ಹನಿ ಬಿದ್ದಲ್ಲೇ ಮಸಿಯಂತೆ ಕಪ್ಪುನೀಲಿಯಾಯಿತು. ರುಚಿ ನೋಡಿದೆ: ಸಪ್ಪೆ. ಕತ್ತರಿಗಳು ಬೆಂದುಹೋಗಿದ್ದವು.

ಚೆಲ್ಲಲು ಮನಸ್ಸಾಗಲಿಲ್ಲ. ಮುಚ್ಚಳ ತೆಗೆದು ಆರಲು ಬಿಟ್ಟೆ. 67ಕ್ಕೆ ಇಳಿದಾಗ ಚೀಲದಲ್ಲಿ ಉಳಿದಿದ್ದ 1.5 ಕಿಲೊ ಮಾಲ್ಟನ್ನು ಒಡೆದು ಸುರಿದು ಕಲಸಿದೆ. ಹತ್ತು ನಿಮಿಷ ಕಳೆಯುವುದರೊಳಗೆ ಮರದ ಸಟ್ಟುಗಕ್ಕೆ ಸಿಕ್ಕ ತಡೆ ಬದಲಾಯಿತು. ಮುದ್ದೆಯಂತೆ ಗಟ್ಟಿಯಾಗಿದ್ದುದು ಸಾರಿನಂತೆ ಸಡಿಲವಾಗತೊಡಗಿತು. ಒಂದು ಗಂಟೆಯ ಮೇಲೆ ಮತ್ತೆ ತಟ್ಟೆ, ಮತ್ತೆ ಹನಿ. ಕಂದು ಕಂದಾಗಿಯೇ ಉಳಿಯಿತು. ತಮ್ಮ ಬುತ್ತಿಯ ಜೊತೆಗೆ ಪಕ್ಕದವರ ಬುತ್ತಿಯನ್ನೂ ಆ ಹೊಸ ಕಾಳುಗಳು ಬಿಚ್ಚಿಕೊಟ್ಟಿದ್ದವು.

ಆ ದಿನ ವಿಡಿಯೊ ಕರೆಯಲ್ಲಿ ಅಮ್ಮ ಸಿಕ್ಕಳು. ತುಮಕೂರಿನಲ್ಲಿ ರಾತ್ರಿ, ಅವಳ ಊಟ ಮುಗಿದಿತ್ತು.

“ಅದೇನೋ ಹಿಂದೆ? ಐಸ್ ಡಬ್ಬಕ್ಕೆ ಯಾಕೆ ಕಂಬಳಿ ಹೊದಿಸಿದೀಯ?”

“ಬಾರ್ಲಿ ಅಮ್ಮ. ಬಿಯರ್ ಮಾಡ್ತಿದೀನಿ.”

ಆಚೆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. “ಕಳ್ಳಭಟ್ಟಿನಾ?”

“ಅಲ್ಲಮ್ಮ, ಭಟ್ಟಿ ಇಳಿಸಲ್ಲ. ಬರೀ ಹುದುಗಿಸೋದು. ಇಲ್ಲಿ ಕಾನೂನೇ ಬಿಟ್ಟಿದೆ.”

“ಕಾನೂನು ಬಿಟ್ಬಿಟ್ರೆ ಆಗೋಯ್ತಾ?”

ಅವಳ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. 2007ರಲ್ಲಿ ಸಾರಾಯಿ ನಿಲ್ಲುವವರೆಗೂ ನಮ್ಮ ಬೀದಿಯ ಕೊನೆಯಲ್ಲಿ ಅದರ ಅಂಗಡಿ ಇತ್ತು. ಅದರಿಂದ ಮುರಿದ ಮನೆಗಳ ಹೆಂಗಸರು ಅಮ್ಮನ ಹತ್ತಿರ ಬಂದು ಅತ್ತುಹೋದದ್ದನ್ನು ನಾನೂ ಕಂಡಿದ್ದೇನೆ. ಲೋಟದ ಗುಣಗಾನ ಮಾಡಲು ಈ ಬರಹ ಹೊರಟಿಲ್ಲ. ಕರ್ನಾಟಕದಲ್ಲಿ ಪರವಾನಗಿ ಇಲ್ಲದೆ ಮನೆಯಲ್ಲಿ ಬಿಯರ್ ತಯಾರಿಸಲು 1965ರ ಅಬಕಾರಿ ಕಾಯ್ದೆ ಬಿಡುವುದೂ ಇಲ್ಲ. ನನ್ನ ಬೆರಗೆಲ್ಲ ಮದ್ಯ ಹುಟ್ಟುವುದಕ್ಕೆ ಮುಂಚಿನ ಆ ಒಂದು ಗಂಟೆಯದು ಎಂದು ಅಮ್ಮನಿಗೆ ಹೇಗೆ ಹೇಳುವುದೆಂದು ತಡವರಿಸುತ್ತಿರುವಾಗ ಅವಳೇ ಕೇಳಿದಳು:

“ಸಕ್ಕರೆ ಎಷ್ಟು ಹಾಕ್ದೆ?”

“ಒಂದು ಹರಳೂ ಇಲ್ಲ. ಮೊಳಕೆ ಬಂದ ಬಾರ್ಲಿ, ಬಿಸಿನೀರು, ಅಷ್ಟೆ.”

“ಓ, ನಮ್ಮ ರಾಗಿ ಮೊಳಕೆ ಕಟ್ಟೋದೇ ತಾನೆ! ಇಷ್ಟಕ್ಕೆ ಅಮೆರಿಕಕ್ಕೆ ಹೋಗ್ಬೇಕಿತ್ತಾ?”

ಅಜ್ಜಿ ರಾಗಿಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಬಸಿದು, ಒದ್ದೆ ಪಂಚೆಯಲ್ಲಿ ಗಂಟುಕಟ್ಟಿ ಇಡುತ್ತಿದ್ದಳು. ಎರಡು ದಿನಕ್ಕೆ ಬಟ್ಟೆಯ ನೇಯ್ಗೆಯಿಂದ ಬಿಳಿ ಬೇರುಗಳು ತೂರಿ ಬರುತ್ತಿದ್ದವು. ಗಂಟನ್ನು ಮುಟ್ಟಿದರೆ ಒಳಗೆ ಬೆಚ್ಚಗೆ. ನೆರಳಿನಲ್ಲಿ ಒಣಗಿಸಿ, ಅಂಗೈಯಲ್ಲಿ ಉಜ್ಜಿ ಬೇರು ಉದುರಿಸಿ, ಮೊರದಲ್ಲಿ ಕೇರಿ, ಸಣ್ಣ ಉರಿಯಲ್ಲಿ ಘಮ್ಮೆನ್ನುವಷ್ಟು ಹುರಿದು ಬೀಸಿದರೆ ರಾಗಿ ಮಾಲ್ಟ್. ಹೆಸರು ಇಂಗ್ಲಿಷಿನದಾದರೂ ಕೆಲಸ ನಮ್ಮ ಅಡುಗೆಮನೆಯದು. ಬಾರ್ಲಿಗೆ ಮಾಡುವುದೂ ಅಕ್ಷರಶಃ ಇದನ್ನೇ. “ಮೊಳಕೆ ಹಿಟ್ಟಿನ ಗಂಜಿ ಗಟ್ಟಿಯಾಗಲ್ಲ, ಕೂಸು ಸಲೀಸಾಗಿ ನುಂಗತ್ತೆ” ಎನ್ನುತ್ತಿದ್ದಳು ಅಜ್ಜಿ. 1980ರ ದಶಕದ ಆರಂಭದಲ್ಲಿ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳಾದ ಮಲ್ಲೇಶಿ ಮತ್ತು ದೇಶಿಕಾಚಾರ್ ಮೊಳಕೆ ರಾಗಿ ಮತ್ತು ಹೆಸರುಕಾಳಿನಿಂದ ಶಿಶು ಆಹಾರ ರೂಪಿಸಿದ್ದು ಇದೇ ಗುಣವನ್ನು ನೆಚ್ಚಿಕೊಂಡು: ಗಂಜಿ ತೆಳುವಾಗಿದ್ದರೆ, ಅಷ್ಟೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಮಗುವಿನ ಹೊಟ್ಟೆ ಸೇರುತ್ತದೆ. ತೆಳುವಾಗಿಸುವುದು ಅದೇ ಕತ್ತರಿ.

ಸಿಹಿಯಾದ ಗಂಜಿಯನ್ನು ಬಸಿಯುವಾಗ ಕಾಳಿನ ಇನ್ನೊಂದು ಉಪಕಾರ ಕಣ್ಣಿಗೆ ಬೀಳುತ್ತದೆ. ನಲ್ಲಿ ತಿರುಗಿಸಿದರೆ ಮೊದಲು ಬರುವುದು ಕದಡಿದ ಬಗ್ಗಡ. ಅದನ್ನು ಚೊಂಬಿನಲ್ಲಿ ಹಿಡಿದು ಮೆಲ್ಲನೆ ಮತ್ತೆ ಮೇಲಕ್ಕೇ ಸುರಿಯಬೇಕು. ನಾಲ್ಕೈದು ಚೊಂಬು ಆದಮೇಲೆ ತಿಳಿ ಬರತೊಡಗುತ್ತದೆ, ಕೊನೆಗೆ ಜೇನಿನ ಬಣ್ಣದ ಸ್ವಚ್ಛ ರಸ. ಸೋಸಿದ್ದು ನನ್ನ ತಾಮ್ರದ ಪೈಪಲ್ಲ. ಆ ಕಚ್ಚುಗಳಲ್ಲಿ ಹಿಟ್ಟು ನಿರಾಯಾಸವಾಗಿ ನುಸುಳುತ್ತದೆ. ಸೋಸುವುದು ಬಾರ್ಲಿಯ ಹೊಟ್ಟು. ತಳದಲ್ಲಿ ಪದರವಾಗಿ ಕೂತು ತಾನೇ ಜರಡಿಯಾಗುತ್ತದೆ. ಒಮ್ಮೆ ಕೈಗಿರಣಿಯನ್ನು ಬಿಗಿಮಾಡಿ ನುಣ್ಣಗೆ ಬೀಸಿದ್ದೆ. ಹೊಟ್ಟು ಪುಡಿಯಾಗಿ, ನಲ್ಲಿ ತೆರೆದೇ ಇದ್ದರೂ ಒಂದು ತೊಟ್ಟು ಬರಲಿಲ್ಲ. ಕಾಳನ್ನು ಒಡೆಯಬೇಕು, ಹೊಟ್ಟನ್ನು ಉಳಿಸಬೇಕು. ಅವಲಕ್ಕಿ ಕುಟ್ಟುವವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ರಸವನ್ನು ಒಂದು ಗಂಟೆ ಕುದಿಸುವುದು, ಕಹಿಗೂ ಘಮಕ್ಕೂ ಹಾಪ್ಸ್ ಹೂ ಹಾಕುವುದು. ನಾನು ಹಾಕುವ ಕ್ಯಾಸ್ಕೇಡ್ ತಳಿ ಇಲ್ಲಿಂದ ಎರಡು ಗಂಟೆ ದಾರಿಯ ಕೊರ್ವಾಲಿಸ್‌ನಲ್ಲಿ ಹುಟ್ಟಿ 1972ರಲ್ಲಿ ಬಿಡುಗಡೆಯಾದದ್ದು. ಬೆರಳಲ್ಲಿ ಉಜ್ಜಿದರೆ ಚಕ್ಕೋತದ ಸಿಪ್ಪೆಯ ವಾಸನೆ. ಆಮೇಲೆ ಸುರುಳಿ ಸುತ್ತಿದ ತಾಮ್ರದ ಪೈಪನ್ನು ಹಂಡೆಗೆ ಇಳಿಸಿ ಒಳಗೆ ತಣ್ಣೀರು ಹರಿಸಿದರೆ, ಅರ್ಧ ಗಂಟೆಯೊಳಗೆ 20 ಡಿಗ್ರಿ. ಗಾಜಿನ ಬುರುಡೆಗೆ ತುಂಬಿ, 11 ಗ್ರಾಂ ಯೀಸ್ಟ್ ಉದುರಿಸಿ, ನೀರಿನ ಕವಾಟದ ಬಿರಡೆ ಹಾಕಿದರೆ ನನ್ನ ಕೆಲಸ ಮುಗಿಯಿತು. ಒಂದೊಂದು ಗ್ರಾಮಿನಲ್ಲೂ ನೂರಾರು ಕೋಟಿ ಜೀವಕೋಶಗಳು. ಇನ್ನು ಕೆಲಸ ಅವುಗಳದು.

ಸಾವಿರಾರು ವರ್ಷ ಬಿಯರ್ ಮಾಡಿದವರಿಗೆ ಈ ಕೆಲಸಗಾರರು ಇದ್ದಾರೆಂದೇ ಗೊತ್ತಿರಲಿಲ್ಲ. ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಬಿಟ್ಟು ಬೇರೇನೂ ಹಾಕಕೂಡದೆಂದು ಬವೇರಿಯದ ಅರಸರು 1516ರಲ್ಲಿ ಕಟ್ಟಳೆ ಮಾಡಿದಾಗ ಪಟ್ಟಿಯಲ್ಲಿ ಯೀಸ್ಟಿನ ಹೆಸರೇ ಇಲ್ಲ. ಹಳೆಯ ಇಂಗ್ಲೆಂಡಿನಲ್ಲಿ ಪೀಪಾಯಿಯ ಮೇಲೆ ಉಕ್ಕುವ ಆ ನೊರೆಗೆ ‘ದೇವರು ಒಳ್ಳೆಯವನು’ ಎಂಬರ್ಥದ ಪದವನ್ನೇ ಹೆಸರಾಗಿ ಇಟ್ಟುಕೊಂಡಿದ್ದರು. ನಾರ್ವೆಯ ರೈತರು ಮರದ ಚೂರುಗಳನ್ನು ಹೆಣೆದ ಬಳೆಯನ್ನು ನೊರೆಯಲ್ಲಿ ಅದ್ದಿ ಒಣಗಿಸಿ ನೇತುಹಾಕಿ, ಮುಂದಿನ ಸಲಕ್ಕೆ ಅದೇ ಹೆಪ್ಪು ಎಂದು ಕಾಪಾಡುತ್ತಿದ್ದರು. ಹೆಪ್ಪು ಬಿಡುವಾಗ ಗಟ್ಟಿಯಾಗಿ ಕೂಗು ಹಾಕುವ ರೂಢಿಯೂ ಅಲ್ಲಿತ್ತು. ಗೊತ್ತಿಲ್ಲದವರಿಗೆ ಮಾಡಬೇಕಾದ ಮರ್ಯಾದೆ ಹೇಗೆಂದು ತಿಳಿಯದಿದ್ದಾಗ ಮನುಷ್ಯ ಕೂಗಿ ಕರೆಯುತ್ತಾನೆ.

ಗೊತ್ತಾದದ್ದೂ ಒಮ್ಮೆಲೇ ಅಲ್ಲ. 1680ರಲ್ಲಿ ಹಾಲೆಂಡಿನ ಲೀವನ್‌ಹುಕ್ ತನ್ನ ಮಸೂರದಡಿ ಬಿಯರಿನ ಹನಿಯಲ್ಲಿ ಗುಂಡುಗುಂಡಾದ ಕಣಗಳನ್ನು ಕಂಡ. ಅವು ಜೀವಿಗಳೆಂದು ಅವನಿಗೆ ಅನಿಸಲಿಲ್ಲ. 1837ರ ಸುಮಾರಿಗೆ ಫ್ರಾನ್ಸ್ ಮತ್ತು ಜರ್ಮನಿಯ ಮೂವರು ಬೇರೆಬೇರೆಯಾಗಿ ‘ಇವು ಜೀವಂತ’ ಎಂದಾಗ, ಆ ಕಾಲದ ದೊಡ್ಡ ರಸಾಯನಶಾಸ್ತ್ರಜ್ಞರಾದ ಲೀಬಿಗ್ ಮತ್ತು ವೋಲರ್ 1839ರಲ್ಲಿ ಹೆಸರು ಹಾಕದೆ ಒಂದು ಲೇವಡಿ ಬರೆದರು: ಯೀಸ್ಟೆಂಬುದು ಪುಟ್ಟ ಪ್ರಾಣಿ, ಸಕ್ಕರೆ ತಿಂದು ಹಿಂದಿನಿಂದ ಮದ್ಯ ಬಿಡುತ್ತದೆ ಎಂದು. ಪಾಶ್ಚರ್ ಬಂದು ಜೀವಿಯ ಪಕ್ಷವನ್ನು ಗೆಲ್ಲಿಸಿದ. 1897ರಲ್ಲಿ ರಸಾಯನಶಾಸ್ತ್ರಜ್ಞ ಬುಕ್ನರ್ ಯೀಸ್ಟನ್ನು ಮರಳಿನೊಂದಿಗೆ ಅರೆದು, ಹಿಂಡಿ, ಜೀವವಿಲ್ಲದ ಬರೀ ರಸವನ್ನು ಸಕ್ಕರೆಗೆ ಬೆರೆಸಿದ. ರಸವೂ ಗುಳ್ಳೆ ಎಬ್ಬಿಸಿತು! ಒಳಗೆ ಕೂತು ಕೆಲಸ ಮಾಡುತ್ತಿದ್ದುದು ಮತ್ತೆ ಕಿಣ್ವಗಳೇ. ಅವನಿಗೆ 1907ರ ನೊಬೆಲ್ ಬಂತು.

ಕಾರಣ ತಿಳಿದರೆ ಬೆರಗು ಹೋಗುತ್ತದೆ ಎನ್ನುವವರಿದ್ದಾರೆ. ನನ್ನ ಅನುಭವ ಬೇರೆ. ‘ದೇವರು ಒಳ್ಳೆಯವನು’ ಎಂದು ನೊರೆಗೆ ಹೆಸರಿಟ್ಟವನು ನೊರೆಯನ್ನು ನೋಡಿ ನಿಂತ. ಲೀವನ್‌ಹುಕ್ ನೊರೆ ದಾಟಿ ಗುಂಡುಕಣದ ಎದುರು ನಿಂತ. ಬುಕ್ನರ್ ಕಣವನ್ನೂ ಒಡೆದು ಅದರ ರಸದ ಎದುರು ನಿಂತ. ಬೆರಗು ಇದ್ದ ಮನೆ ಖಾಲಿಮಾಡಿ ಒಳಗಿನ ಕೋಣೆಗೆ ಹೋಯಿತೇ ಹೊರತು ಊರು ಬಿಡಲಿಲ್ಲ.

ರಾತ್ರಿ ಎಚ್ಚರವಾದರೆ ಗ್ಯಾರೇಜಿಗೆ ಹೋಗಿ ದೀಪ ಹಾಕದೆ ಕೂರುತ್ತೇನೆ. ಬಿರಡೆಯ ನೀರಿನಲ್ಲಿ ಗುಳುಕ್, ತುಸು ಬಿಡುವು, ಮತ್ತೆ ಗುಳುಕ್. ಸಕ್ಕರೆ ಒಡೆದರೆ ತೂಕದಲ್ಲಿ ಸುಮಾರು ಅರ್ಧ ಮದ್ಯವಾಗಿ ಉಳಿಯುತ್ತದೆ, ಅರ್ಧ ಇಂಗಾಲದ ಡೈಆಕ್ಸೈಡ್ ಆಗಿ ಹೊರಡುತ್ತದೆ. ನನ್ನ 19 ಲೀಟರ್ ಬಿಯರಿನಿಂದ ಹೀಗೆ ಹೊರಡುವ ಗಾಳಿ 400 ಲೀಟರಿಗೂ ಹೆಚ್ಚೆಂದು ಒಮ್ಮೆ ಲೆಕ್ಕ ಹಾಕಿದೆ. ಆ ಇಂಗಾಲವೆಲ್ಲ ಬಾರ್ಲಿಯ ಎಲೆಗಳು ಐಡಹೊ ಬಯಲಿನ ಬಿಸಿಲಿನಲ್ಲಿ ಗಾಳಿಯಿಂದಲೇ ಹೀರಿದ್ದು. ಎಲೆ ಕಟ್ಟಿತು, ಕಾಳು ಕೂಡಿಟ್ಟಿತು, ಕತ್ತರಿ ಬಿಚ್ಚಿತು, ಯೀಸ್ಟ್ ಗಾಳಿಗೆ ಮರಳಿಸುತ್ತಿದೆ. ಈ ಸಾಲಿನಲ್ಲಿ ನನ್ನದು ಕಂಬಳಿ ಹೊದಿಸಿದ ಕೆಲಸ.

ಇದನ್ನು ನೋಡಲು ನೀವು ಬಿಯರ್ ಮಾಡಬೇಕಿಲ್ಲ, ಕಾನೂನು ಮುರಿಯಬೇಕಿಲ್ಲ, ಅಮ್ಮನನ್ನು ನೋಯಿಸಬೇಕಿಲ್ಲ. ಇವತ್ತೇ ಒಂದು ಬಟ್ಟಲು ಸಾಮಾನ್ಯ ರಾಗಿ ಹಿಟ್ಟಿನ ಗಂಜಿ ಮಾಡಿ. ಚಮಚ ನೆಟ್ಟಗೆ ನಿಲ್ಲುವಷ್ಟು ಗಟ್ಟಿಯಿರಲಿ. ಬಿಸಿ ಕಾಫಿ ಕುಡಿಯುವ ಹದಕ್ಕೆ ಆರಲು ಬಿಡಿ. ಮೊಳಕೆ ಕಟ್ಟಿ, ಒಣಗಿಸಿ, ಹೆಚ್ಚು ಹುರಿಯದೆ ಬೀಸಿದ ರಾಗಿ ಹಿಟ್ಟು ಒಂದು ಚಮಚ ಹಾಕಿ ಕಲಸಿ, ತಟ್ಟೆ ಮುಚ್ಚಿ ಕಾಲು ಗಂಟೆ ಸುಮ್ಮನೆ ಪಕ್ಕದಲ್ಲಿ ಕೂತಿರಿ. ಆಮೇಲೆ ತಟ್ಟೆ ತೆಗೆದು ಚಮಚ ಎತ್ತಿ ನೋಡಿ. ಗಂಜಿ ತೆಳ್ಳಗಾಗಿರುತ್ತದೆ. ಯಾರೂ ನೀರು ಹಾಕಿರುವುದಿಲ್ಲ.